ಗ್ರೆಟ್ಟಾಳ ಮೇಲೆ ಬಿದ್ದದ್ದು

ಮಸ್ಕತ್
14 ಏಪ್ರಿಲ್ 2006, ಶುಕ್ರವಾರ

ಪ್ರೀತಿಯ ಗ್ರೆಟ್ಟಾ,

ನೀನು ಫೋನ್ ಎತ್ತುವುದಿಲ್ಲ ಎಂದು ಖಾತ್ರಿಯಾಗಲು ನನಗೆ ಮೂರು ವಾರ ಬೇಕಾಯಿತು. ಮೊದಮೊದಲು ಅಷ್ಟು ದೂರದ ಖಸಬ್‌ನಲ್ಲಿ ಸಿಗ್ನಲ್ ಇಲ್ಲ ಎಂದುಕೊಂಡೆ. ಆಮೇಲೆ ನಮ್ಮ ಫಾರ್ಮಸಿಯ ಬಾದುಶಾ, "ಗ್ರೆಟ್ಟಾ ಸಿಸ್ಟರ್ ನಿನ್ನೆ ತಾನೆ ಮಾತಾಡಿದ್ರಲ್ಲ, ಸ್ಟಾಕ್ ಕೇಳ್ಲಿಕ್ಕೆ" ಎಂದ. ಸಿಗ್ನಲ್ ಇದೆ, ನನಗೆ ಮಾತ್ರ ಇಲ್ಲ. ಅದಕ್ಕೇ ಈ ಪತ್ರ. ಪ್ರತಿ ತಿಂಗಳು ನಿಮ್ಮ ಕ್ಲಿನಿಕ್ಕಿಗೆ ಹೋಗುವ ಔಷಧಿ ಪೆಟ್ಟಿಗೆಯಲ್ಲಿ ಇಡಲು ಬಾದುಶಾ ಒಪ್ಪಿದ್ದಾನೆ. ಔಷಧಿ ಪೆಟ್ಟಿಗೆಯನ್ನು ತೆರೆಯದೆ ಕೂರುವುದು ನಿನ್ನಿಂದ ಆಗುವುದಿಲ್ಲ, ಅಷ್ಟು ನಾನು ಬಲ್ಲೆ.

ಎಂಟು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ಈಗ ಕಾಗದ ಬರೆಯುವುದೆಂದರೆ ನಗು ಬರುತ್ತದೆ. ಕನ್ನಡದಲ್ಲಿ ಬರೆದು ಎಷ್ಟು ಕಾಲವಾಯಿತು ಎಂದರೆ, ಈಗಷ್ಟೇ 'ಸಿಗ್ನಲ್' ಬರೆಯಲು ಎರಡು ಸಲ ಹೊಡೆದುಹಾಕಿದೆ. ನಿನ್ನ ಮಂಚಕ್ಕೆ ಕೊಟ್ಟಾಯಂ ಕಡೆಯ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು. ತುಂಬ ಮಾತಾಡುತ್ತಾಳೆ, ನನಗೆ ಅರ್ಥವಾಗುವುದಿಲ್ಲ, ಇಬ್ಬರಿಗೂ ಆರಾಮ.

ನೀನು ಹೋದ ಮೇಲೆ ವಾರ್ಡಿನಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಮೂಳೆ ವಾರ್ಡಿನ ಮೂವರ ಹೊಲಿಗೆ ಕೀವಾದದ್ದು, ಸಾಮಾನ್ಯ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಂದು ಲ್ಯಾಬ್ ಹೇಳಿದ್ದು, ಅದು ನಮ್ಮಲ್ಲೇ ಯಾರಿಂದಲಾದರೂ ಬಂತೇ ಎಂದು ಫೆಬ್ರವರಿಯಲ್ಲಿ ನಮ್ಮ ಹದಿನಾರು ನರ್ಸುಗಳ ಮೂಗಿಗೆ ಹತ್ತಿಯ ಕಡ್ಡಿ ಹಾಕಿ ನೋಡಿದ್ದು, ನಿನ್ನದೊಂದೇ ಪಾಸಿಟಿವ್ ಬಂದದ್ದು, ಎಲ್ಲ ಯಾರಿಗೋ ಆದ ಹಾಗೆ ಮರೆತಿದ್ದಾರೆ. ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ನಿಜ. ಐದು ದಿನ ನಿನಗೆ ಡ್ಯೂಟಿ ಹಾಕದಿದ್ದಾಗ ಹೇಳಲು ಉಳಿದದ್ದಾದರೂ ಏನು? ನೀನು ವಾಪಸ್ ಬಂದಾಗ ಪ್ಯಾಂಟ್ರಿಯಲ್ಲಿ ನಿನ್ನ ಚಹಾದ ಕಪ್ಪನ್ನು ಬೇರೆ ಶೆಲ್ಫಿನಲ್ಲಿ ಇಟ್ಟಿದ್ದರು. ನಾನು ಅಲ್ಲೇ ನಿಂತಿದ್ದೆ. ಅದನ್ನು ಎತ್ತಿಕೊಂಡು ಕುಡಿಯಬಹುದಿತ್ತು. ಕುಡಿಯಲಿಲ್ಲ.

ಖಸಬ್ ಕ್ಲಿನಿಕ್ಕನ್ನು ನೀನೇ ಕೇಳಿ ಪಡೆದೆ ಎಂದು ಮೇಟ್ರನ್ ಹೇಳುತ್ತಾರೆ. ನಂಬಿದವಳ ಹಾಗೆ ತಲೆಯಾಡಿಸಿದೆ. ಎರಡು ಸಾಲಾದರೂ ಬರೆ.

ನಿನ್ನ,
ರತ್ನಪ್ರಭಾ


ಖಸಬ್
11 ಮೇ 2006

ರತ್ನಾ,

ಪೆಟ್ಟಿಗೆ ಬಂತು. ಎರಡು ಡಬ್ಬಿ ಪ್ಯಾರಾಸಿಟಮಾಲ್ ಕಡಿಮೆ ಇತ್ತು, ಒಂದು ಪತ್ರ ಹೆಚ್ಚಿತ್ತು. ಬಾದುಶಾನಿಗೆ ಹೇಳು.

ಇಲ್ಲಿ ಬೆನ್ನಿಗೆ ಗುಡ್ಡ, ಎದುರಿಗೆ ಸಮುದ್ರ. ಬೆಳಿಗ್ಗೆ ಆಚೆ ದಡದ ಇರಾನಿನಿಂದ ಸಣ್ಣ ದೋಣಿಗಳಲ್ಲಿ ಆಡುಗಳು ಬರುತ್ತವೆ, ಸಂಜೆ ಅದೇ ದೋಣಿಗಳಲ್ಲಿ ಟಿವಿ ಪೆಟ್ಟಿಗೆ, ಸಿಗರೇಟು ತುಂಬಿಕೊಂಡು ಹೋಗುತ್ತಾರೆ. ನನ್ನ ರೋಗಿಗಳೆಲ್ಲ ಮೀನು ಹಿಡಿಯುವವರು. ಅಂಗೈಗೆ ಗಾಳ ಚುಚ್ಚಿಸಿಕೊಂಡು ಬಂದು "ಯಲ್ಲಾ ಸಿಸ್ಟರ್", ಬೇಗ ಆಗಲಿ, ಎಂದು ಕೈ ಚಾಚುತ್ತಾರೆ. ನನ್ನ ಮೂಗಿನ ಕಥೆ ಅವರಿಗೆ ಗೊತ್ತಿಲ್ಲ.

ನನಗೆ ಗೊತ್ತುಂಟಲ್ಲ, ಅದೇ ತೊಂದರೆ. ಮುಲಾಮಿನ ಕೋರ್ಸು ಮುಗಿಸಿ ಮೂರು ಸಲ ಟೆಸ್ಟ್ ಮಾಡಿಸಿದ್ದೇನೆ, ಮೂರು ಸಲವೂ ನೆಗೆಟಿವ್. ಆದರೂ ಡ್ರೆಸ್ಸಿಂಗಿಗೆ ಕೂತರೆ ಒಂದರ ಮೇಲೊಂದು ಎರಡು ಮಾಸ್ಕ್ ಹಾಕುತ್ತೇನೆ. ಆ ಮೂವರಲ್ಲಿ ಬೀಫಾತುಮ್ಮ ಇದ್ದಾರಲ್ಲ, ಸೊಂಟದ ಕೆಳಗೆ ಮೂಳೆ ಮುರಿದುಕೊಂಡು ಬಂದ ಮುದುಕಿ, ನಾನು ಗಂಡಸರ ಕಡೆಯವಳು, ಅವರನ್ನು ಎತ್ತಿ ಕೂರಿಸಿದ್ದೇ ಎರಡು ಸಲ. ಆ ಎರಡು ಸಲದಲ್ಲಿ ನಾನು ಎಲ್ಲಿ ಮುಟ್ಟಿದೆ, ಯಾವಾಗ ಸೀನಿದೆ ಎಂದು ಮೀನು ಕೊಯ್ಯುವಾಗಲೂ ನೆನಪಿಸಿಕೊಳ್ಳುತ್ತಾ ಇರುತ್ತೇನೆ. ಅವರ ಕಾಲು ಈಗ ಹೇಗುಂಟು? ಅದೊಂದನ್ನು ಬರೆ.

ನಿನ್ನ ಕೈ ಹೇಗುಂಟು? ದಿನಾ ಸಂಜೆ ನಾನು ಆ ಬಿರುಕಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದೆ. ಈಗ ಯಾರು ಸುತ್ತುತ್ತಾರೆ?

ಗ್ರೆಟ್ಟಾ


ಮಸ್ಕತ್
16 ಜೂನ್ 2006

ಪ್ರೀತಿಯ ಗ್ರೆಟ್ಟಾ,

ನಿನ್ನ ಪತ್ರ ಓದಿ ಬಾದುಶಾನಿಗೆ ಪ್ಯಾರಾಸಿಟಮಾಲ್ ವಿಷಯ ಹೇಳಿದೆ. ಮುಖ ಊದಿಸಿಕೊಂಡಿದ್ದಾನೆ. ಇಲ್ಲಿ ಬಿಸಿಲಿಗೆ ಬಸ್ಸಿನ ಕಂಬಿ ಹಿಡಿಯುವ ಹಾಗಿಲ್ಲ. ವಾರ್ಡಿನ ಟಿವಿಯಲ್ಲಿ ಇಡೀ ದಿನ ಫುಟ್‌ಬಾಲ್ ವಿಶ್ವಕಪ್. ಕಾಲಿಗೆ ತೂಕ ಕಟ್ಟಿ ಮಲಗಿಸಿದವರೆಲ್ಲ ಗೋಲು ಬಿದ್ದಾಗ ಒದೆಯಲು ಹೋಗುತ್ತಾರೆ. ನೀನು ಹೋದ ಮೇಲೆ ಗಂಡಸರ ಕಡೆಗೆ ನನ್ನನ್ನೇ ಹಾಕಿದ್ದಾರೆ.

ಬೀಫಾತುಮ್ಮನವರ ವಿಷಯ ಕೇಳಿದ್ದೀಯ. ಒಳಗೆ ಹಾಕಿದ್ದ ಪ್ಲೇಟನ್ನು ಮತ್ತೆ ಬಿಚ್ಚಿ ತೆಗೆದರು. ಕೀವು ನಿಂತಿತು. ಕಾಲು ಎರಡು ಬೆರಳಿನಷ್ಟು ಗಿಡ್ಡವಾಗಿದೆ, ಇನ್ನು ವಾಕರ್ ಬಿಟ್ಟು ನಡೆಯಲು ಆಗುವುದಿಲ್ಲ. ಮೊನ್ನೆ ಮತ್ರಾದ ಮನೆಗೆ ಹೋದರು. ಮಗ ಅಬ್ದುಲ್ಲಾ ಬಟ್ಟೆ ಅಂಗಡಿ ಮುಚ್ಚಿ ಬಂದಿದ್ದರು, ಮೊಮ್ಮಗಳು ಶಹನಾಝ್ ನಮ್ಮ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದಳು. ಉಳಿದಿಬ್ಬರು ರೋಗಿಗಳು ಔಷಧಿಯಲ್ಲೇ ವಾಸಿಯಾದರು ಎಂಬುದು ನಿನಗೆ ಗೊತ್ತೇ ಇದೆ.

ಬೀಫಾತುಮ್ಮನವರಿಗೆ ಬ್ಯಾರಿ ಮತ್ತು ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಹೆಂಗಸರ ಕಡೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ನನ್ನ ಪಾಳಿ ಬೇರೆ ಹಾಸಿಗೆಗಳಿಗಿದ್ದ ದಿನವೂ, "ರತ್ನಾನನ್ನು ಕರೀರಿ, ಅವಳ ಕೈ ತಾಗಿದ್ರೆ ನೋವು ಗೊತ್ತಾಗುದಿಲ್ಲ" ಎಂದು ಹಟ ಹಿಡಿಯುತ್ತಿದ್ದರು. ನನಗೂ ಹೆಮ್ಮೆ. ಊಟದ ಬಿಡುವಿನಲ್ಲಿ ಹೋಗಿ ತಲೆ ಬಾಚಿ ಕೊಡುತ್ತಿದ್ದೆ. ಡ್ರೆಸ್ಸಿಂಗಿಗೆ ಗ್ಲೌಸ್ ಹಾಕುತ್ತೇವೆ, ತಲೆ ಬಾಚಲು, ಹೊದಿಕೆ ಸರಿಮಾಡಲು, ಕೈ ಹಿಡಿದು ಕೂರಲು ಯಾರು ಹಾಕುತ್ತಾರೆ?

ಕೈ ವಾಸಿಯಾಗಿದೆ.

ನಿನ್ನ,
ರತ್ನಪ್ರಭಾ


ಮಸ್ಕತ್
25 ಆಗಸ್ಟ್ 2006

ಗ್ರೆಟ್ಟಾ,

ಪೆಟ್ಟಿಗೆ ಹೊರಡುವವರೆಗೆ ನನ್ನ ಧೈರ್ಯ ಉಳಿಯುವುದಿಲ್ಲ ಎಂದು ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನನ್ನ ಜೂನಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ. ಕೈ ವಾಸಿಯಾಗಿಲ್ಲ.

ಹನ್ನೊಂದನೆಯ ಹಾಸಿಗೆಯಲ್ಲಿ ಸೂರ್ ಕಡೆಯ ಶಾಲಾ ಮೇಷ್ಟ್ರೊಬ್ಬರಿದ್ದಾರೆ. ಕಾರಿನ ಅಪಘಾತ, ಮೊಣಕಾಲಿನ ಕೆಳಗೆ ಪ್ಲೇಟು ಹಾಕಿದ್ದಾರೆ. ಸೋಮವಾರ ಬ್ಯಾಂಡೇಜ್ ಬಿಚ್ಚಿದಾಗ ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯಿತ್ತು. ನಿನ್ನೆ ಲ್ಯಾಬಿನಿಂದ ರಿಪೋರ್ಟ್ ಬಂತು. ಅದೇ ಬ್ಯಾಕ್ಟೀರಿಯಾ. ನೀನು ಇಲ್ಲಿಂದ ಹೋಗಿ ಐದು ತಿಂಗಳಾಗಿದೆ. ಹಾಗಾದರೆ ಅವತ್ತು ಗ್ರೆಟ್ಟಾ ಅಲ್ಲವೇನೋ ಎಂದು ವಾರ್ಡಿನಲ್ಲಿ ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅದು ನಾನು, ಗ್ರೆಟ್ಟಾ. ಮೊದಲಿನಿಂದಲೂ ನಾನೇ ಇರಬೇಕು.

ಫೆಬ್ರವರಿಯ ಆ ಬುಧವಾರ ಇನ್‌ಫೆಕ್ಷನ್ ಕಂಟ್ರೋಲಿನ ರೋಸ್ ಸಿಸ್ಟರ್ ನನಗೆ ಫೋನ್ ಮಾಡಿ, ಶನಿವಾರ ನಿಮ್ಮ ವಾರ್ಡಿನವರಿಗೆಲ್ಲ ಮೂಗಿನ ಪರೀಕ್ಷೆ ಇದೆ, ಹೆಸರಿನ ಪಟ್ಟಿ ಮಾಡಿಡು, ಯಾರಿಗೂ ಹೇಳಬೇಡ ಎಂದರು. ಅಕ್ಷರ ದುಂಡಗಿದೆ ಎಂದು ಪಟ್ಟಿಯ ಕೆಲಸ ಯಾವಾಗಲೂ ನನ್ನ ತಲೆಗೇ. ನಿನ್ನ ಹೆಸರು ಆರನೆಯದು, ನನ್ನದು ಹತ್ತನೆಯದು. ಪೆನ್ನು ಹಿಡಿದಾಗ ಬಲಗೈ ಬೆರಳ ಸಂದಿಯ ಬಿರುಕು ಉರಿಯುತ್ತಿತ್ತು. ಪಾಠದಲ್ಲಿ ಓದಿದ್ದೆಲ್ಲ ನನಗೂ ನೆನಪಿದೆ. ಒಡೆದ ಚರ್ಮ ಎಂದರೆ ಆ ಬ್ಯಾಕ್ಟೀರಿಯಾ ಮನೆ ಮಾಡುವ ಜಾಗ.

ನಮ್ಮಂಥವರಿಗೆ ಟೆಸ್ಟ್ ಎಂದರೆ ಒಂದೇ. ಬಂದ ಮೊದಲ ವಾರ ರಕ್ತ ಕೊಟ್ಟು, ಎಕ್ಸ್‌ರೇ ತೆಗೆಸಿ, 'ಫಿಟ್' ಎಂಬ ಮುದ್ರೆಗಾಗಿ ಜೀವ ಹಿಡಿದುಕೊಂಡು ಕೂತಿದ್ದೆವಲ್ಲ, ಅದು. ಮುದ್ರೆ ಬೀಳದಿದ್ದರೆ ವೀಸಾ ಖಲಾಸ್. ಗದಗಿನಲ್ಲಿ ನಾನು ಮೊದಲೇ ಗಂಡನನ್ನು ಬಿಟ್ಟು ಮಸ್ಕತ್ತಿಗೆ ಹಾರಿದವಳು. ಮೆಡಿಕಲ್‌ನಲ್ಲಿ ಫೇಲಾಗಿ ವಾಪಸ್ ಬಂದಳು ಎಂದರೆ ಯಾವ ರೋಗ ಎಂದು ಜನ ಕೇಳುವುದಿಲ್ಲ, ತಾವೇ ಒಂದನ್ನು ಹುಡುಕಿ ಹಚ್ಚುತ್ತಾರೆ. ಅವ್ವ ಆ ಓಣಿಯಲ್ಲೇ ಬದುಕಬೇಕು.

ಬಾದುಶಾನ ಹತ್ತಿರ ಕೇಳದೆ ರೂವಿಯ ಬೇರೊಂದು ಅಂಗಡಿಯಲ್ಲಿ ಮುಲಾಮು ಕೊಂಡೆ. ಪಾಸಿಟಿವ್ ಬಂದವರಿಗೆ ನಾವೇ ಮೂಗಿಗೆ ಹಚ್ಚುತ್ತೇವಲ್ಲ, ಅದೇ. ಬುಧವಾರ ಸಂಜೆಯಿಂದ ದಿನಕ್ಕೆ ಮೂರು ಸಲ, ಬಚ್ಚಲಿನ ಬಾಗಿಲು ಹಾಕಿಕೊಂಡು ಹಚ್ಚಿಕೊಂಡೆ. ನೀನು ಹೊರಗಿನಿಂದ "ಎಂತ ಮಾರಾಯ್ತಿ, ಒಳಗೇ ಮನೆ ಮಾಡಿದ್ಯಾ?" ಎಂದು ಕೇಳಿದೆ. ಶನಿವಾರ ರೋಸ್ ಸಿಸ್ಟರ್ ಕೈಯಲ್ಲಿ ಗಾಯವೇನಾದರೂ ಇದೆಯೇ ಎಂದಾಗ ಬೆರಳುಗಳನ್ನು ಒತ್ತಿ ಜೋಡಿಸಿ ತೋರಿಸಿದೆ. ನೆಗೆಟಿವ್ ಬಂತು.

ನಿನಗೂ ಹೇಳಬಹುದಿತ್ತು. ಟ್ಯೂಬಿನಲ್ಲಿ ಇಬ್ಬರಿಗಾಗುವಷ್ಟಿತ್ತು. ನನ್ನ ಕೈಗೆ ದಿನವೂ ಎಣ್ಣೆ ಹಚ್ಚಿದವಳು ನೀನು. ನಿನ್ನ ಮೂಗಿಗೆ ಅದು ಎಲ್ಲಿಂದ ಬಂತು ಎಂಬುದು ನಿನ್ನ ರಿಪೋರ್ಟ್ ಬಂದ ದಿನವೇ ನನಗೆ ಹೊಳೆದಿತ್ತು. ಹೊಳೆದರೂ ನಿನ್ನ ಕಪ್ಪು ಬೇರೆಯಾಗುವುದನ್ನು ನೋಡುತ್ತಾ ನಿಂತೆ. ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಗುತ್ತದೆ. ಜಡೆಯನ್ನು ಕನ್ನಡಿ ಇಲ್ಲದೆ ಹಾಕಿಕೊಳ್ಳುತ್ತಿದ್ದೇನೆ.

ಕ್ಷಮಿಸು.

ರತ್ನಪ್ರಭಾ


ಖಸಬ್
6 ಸೆಪ್ಟೆಂಬರ್ 2006

ರತ್ನಪ್ರಭಾ,

ಪತ್ರ ಸೋಮವಾರ ಬಂತು. ತಪ್ಪು ಓದಿದೆನೇನೋ ಎಂದು ಇವತ್ತು ಮತ್ತೊಮ್ಮೆ ಓದಿದೆ. ಸರಿಯಾಗಿಯೇ ಓದಿದ್ದೆ.

ಮೇ ತಿಂಗಳಲ್ಲಿ ಕಿನ್ನಿಗೋಳಿಯಲ್ಲಿ ನನ್ನ ತಂಗಿಯ ಮಗುವಿಗೆ ಜ್ಞಾನಸ್ನಾನ ಇತ್ತು. ನಾನು ಅದರ ಧರ್ಮಮಾತೆ ಆಗಬೇಕಿತ್ತು. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಮಗುವನ್ನು ಎತ್ತಿಕೊಳ್ಳಲು ನನಗೆ ಹೆದರಿಕೆ. ಇಲ್ಲಿ ಹತ್ತಿರದಲ್ಲಿ ಇಗರ್ಜಿ ಇದ್ದಿದ್ದರೆ ಪಾದ್ರಿಯ ಮುಂದೆ ಮೊಣಕಾಲೂರಿ ಬೀಫಾತುಮ್ಮನ ಕಾಲಿನ ಪಾಪ ಹೇಳಿಕೊಳ್ಳುತ್ತಿದ್ದೆ. ಇಲ್ಲದ್ದು ಒಳ್ಳೆಯದಾಯಿತು.

ಕ್ಷಮೆಯ ಮಾತು ಈಗ ಎತ್ತಬೇಡ. ನನಗೆ ಒಂದು ಪ್ರಶ್ನೆ ಮಾತ್ರ ಉಂಟು. ಆ ಮೇಷ್ಟ್ರಿಗೆ ಡ್ರೆಸ್ಸಿಂಗ್ ಯಾರು ಮಾಡುತ್ತಿದ್ದಾರೆ? ನೀನಾದರೆ, ಈ ಪತ್ರ ಓದಿದ ಹೊತ್ತಿನಿಂದ ಯಾರನ್ನೂ ಮುಟ್ಟಬೇಡ. ಜ್ವರ ಅನ್ನು, ಹೊಟ್ಟೆನೋವು ಅನ್ನು, ಸುಳ್ಳು ಹೇಳಲು ನಿನಗೆ ಚೆನ್ನಾಗಿ ಬರುತ್ತದೆ. ಆಮೇಲೆ ರೋಸ್ ಸಿಸ್ಟರ್ ಹತ್ತಿರ ಹೋಗಿ ಬೆರಳು ಬಿಡಿಸಿ ತೋರಿಸು. ಮೂಗಿಗೆ ಏನೂ ಹಚ್ಚಿಕೊಳ್ಳದೆ ಹೋಗು. ನೀನು ಹೋಗದಿದ್ದರೆ ಫೋನ್ ನಾನು ಮಾಡುತ್ತೇನೆ. ಈ ಪತ್ರವನ್ನು ನಾಳೆ ವಿಮಾನದಲ್ಲಿ ಬರುವ ನಮ್ಮ ಡಾಕ್ಟರ ಕೈಯಲ್ಲೇ ಕಳಿಸುತ್ತಿದ್ದೇನೆ, ಸಿಗಲಿಲ್ಲ ಎಂದು ಹೇಳಬೇಡ.

ಗ್ರೆಟ್ಟಾ


ಮಸ್ಕತ್
15 ಸೆಪ್ಟೆಂಬರ್ 2006

ಗ್ರೆಟ್ಟಾ,

ಹೋದೆ. ನೀನು ಹೆದರಿಸಿದ್ದಕ್ಕೆ ಹೋದೆನೋ, ನಾನಾಗಿ ಹೋದೆನೋ ಗೊತ್ತಿಲ್ಲ. ನಾನಾಗಿ ಎಂದು ಬರೆದರೆ ಅದೂ ಸುಳ್ಳಾದೀತು.

ರೋಸ್ ಸಿಸ್ಟರ್ ಮುಂದೆ ಕೈ ಚಾಚಿ ಬೆರಳು ಬಿಡಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎಷ್ಟು ದಿನದಿಂದ ಎಂದರು. ಎರಡು ಚಳಿಗಾಲದಿಂದ ಎಂದೆ. ಮುಲಾಮಿನ ವಿಷಯ, ಪಟ್ಟಿಯ ವಿಷಯ, ನಿನ್ನ ವಿಷಯ ಎಲ್ಲ ಹೇಳಿದೆ. ಪಾಸ್‌ಪೋರ್ಟ್ ಕೊಡಿ, ಹೊರಟುಬಿಡುತ್ತೇನೆ ಎಂದೂ ಹೇಳಿದೆ. ಸೂಟ್‌ಕೇಸನ್ನು ಹಿಂದಿನ ದಿನವೇ ತುಂಬಿಟ್ಟಿದ್ದೆ.

ಅವರು ಸಿಟ್ಟಾಗಲಿಲ್ಲ. ತಮ್ಮ ಮಲಯಾಳಿ ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದರು. ವೀಸಾದ ಮೆಡಿಕಲ್ ಬೇರೆ, ಇದು ಬೇರೆ, ಈ ರಿಪೋರ್ಟ್ ತಮ್ಮ ಡ್ರಾಯರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ದಿನವಿಡೀ ರೋಗಿಗಳ ನಡುವೆ ಇರುವವರ ಮೈಮೇಲೆ ಈ ಬ್ಯಾಕ್ಟೀರಿಯಾ ಬರುವುದು ಯಾರ ತಪ್ಪೂ ಅಲ್ಲ. ಐದು ದಿನ ಮುಲಾಮು, ಚರ್ಮದ ಡಾಕ್ಟರಿಗೆ ಒಂದು ಚೀಟಿ, ಕೈ ವಾಸಿಯಾಗುವವರೆಗೆ ರೆಕಾರ್ಡ್ ರೂಮಿನಲ್ಲಿ ಫೈಲು ಜೋಡಿಸುವ ಕೆಲಸ. ಫೆಬ್ರವರಿಯಲ್ಲಿ ಹೇಳಿದ್ದರೂ ಇಷ್ಟೇ ಮಾಡುತ್ತಿದ್ದೆ ಎಂದರು.

ಅಷ್ಟೇ ಇತ್ತು, ಗ್ರೆಟ್ಟಾ. ನನ್ನನ್ನು ಬೈದು ಊರಿಗೆ ಅಟ್ಟಿದ್ದರೆ ಹೆದರಿದ್ದಕ್ಕೆ ಒಂದು ಕಾರಣವಾದರೂ ಇತ್ತು ಎಂದುಕೊಳ್ಳುತ್ತಿದ್ದೆ. ನಾನು ಹೆದರಿ ಬಚ್ಚಿಟ್ಟುಕೊಂಡದ್ದು ಐದು ದಿನದ ಒಂದು ಮುಲಾಮಿಗೆ. ಅದಕ್ಕೆ ಒಬ್ಬರ ಕಾಲು ಹೋಯಿತು, ನಿನ್ನ ಹೆಸರು ಹೋಯಿತು.

ಮಂಗಳವಾರ ರಿಪೋರ್ಟ್ ಬಂತು. ಮೂಗು, ಬೆರಳು ಎರಡೂ ಪಾಸಿಟಿವ್. ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿ ಮೇಷ್ಟ್ರ ಗಾಯದ್ದೂ ನನ್ನದೂ ಒಂದೇ, ಬೀಫಾತುಮ್ಮನವರದ್ದೂ ಅದೇ. ಮೇಷ್ಟ್ರಿಗೆ ಬೇಗ ಗೊತ್ತಾದದ್ದರಿಂದ ಪ್ಲೇಟು ಉಳಿಯಬಹುದು. ಬಚ್ಚಿಟ್ಟದ್ದಕ್ಕೆ ನನಗೊಂದು ವಾರ್ನಿಂಗ್ ಲೆಟರ್ ಬಂದಿದೆ. ರೋಸ್ ಸಿಸ್ಟರ್ ನಿನಗೂ ಬರೆಯುತ್ತಾರೆ. ವಾರ್ಡಿನಲ್ಲಿ ನಾನೇ ನಿಂತು ಎಲ್ಲರಿಗೂ ಹೇಳಿದೆ. ಆ ಕೊಟ್ಟಾಯಂ ಹುಡುಗಿ ತನ್ನ ಟವೆಲನ್ನು ನನ್ನ ಟವೆಲಿನ ಪಕ್ಕದಿಂದ ತೆಗೆದುಕೊಂಡಳು.

ರತ್ನಪ್ರಭಾ


ಖಸಬ್
27 ಸೆಪ್ಟೆಂಬರ್ 2006

ರತ್ನಾ,

ರೋಸ್ ಸಿಸ್ಟರ್ ಪತ್ರ ಬಂತು. ನನ್ನ ಫೈಲಿನಲ್ಲಿ ತಿದ್ದಿದ್ದಾರಂತೆ. ಬೇಕಾದರೆ ಮಸ್ಕತ್ತಿಗೆ ವಾಪಸ್ ಬಾ ಎಂದಿದ್ದಾರೆ. ನಾನು ಬರುವುದಿಲ್ಲ. ಸಿಟ್ಟಿಗಲ್ಲ. ಇಲ್ಲಿಯವರು ನನ್ನನ್ನು ಏನೂ ಗೊತ್ತಿಲ್ಲದೆ ಮುಟ್ಟಿದರು, ಅದು ನನಗೆ ಅಭ್ಯಾಸವಾಗಿದೆ.

ಓದಿ ಖುಷಿಯಾಗಬೇಕಿತ್ತು. ಆಗದ್ದಕ್ಕೆ ಒಂದು ಕಾರಣ ಉಂಟು. ಫೆಬ್ರವರಿಯಲ್ಲಿ ನನ್ನದು ಪಾಸಿಟಿವ್ ಬಂದಾಗ ರೋಸ್ ಸಿಸ್ಟರ್ ನನ್ನನ್ನು ಒಬ್ಬಳನ್ನೇ ಕೂರಿಸಿ, ನಿನ್ನ ಕೋಣೆಯಲ್ಲಿ ಯಾರಿಗಾದರೂ ಚರ್ಮದ ತೊಂದರೆ ಉಂಟಾ ಎಂದು ಕೇಳಿದ್ದರು. ಇಲ್ಲ ಎಂದೆ. ನಿನ್ನ ವೀಸಾ ಹೋಗುತ್ತದೆ ಎಂದು ನಾನೂ ನಿನ್ನ ಹಾಗೇ ಹೆದರಿದ್ದೆ. ಗೆಳತಿಗಾಗಿ ಸುಳ್ಳು ಹೇಳಿದೆ ಎಂದು ಇಷ್ಟು ದಿನ ಒಳಗೊಳಗೇ ಹೆಮ್ಮೆಪಟ್ಟಿದ್ದೇನೆ. ನಿನ್ನ ಬಿರುಕನ್ನು ನಿನಗಿಂತ ಹತ್ತಿರದಿಂದ ನೋಡಿದವಳು ನಾನು. ನಾನೂ ನರ್ಸೇ. ಸಂಜೆ ಬಟ್ಟೆ ಸುತ್ತಿ ಬೆಳಿಗ್ಗೆ ನಿನ್ನನ್ನು ವಾರ್ಡಿಗೆ ಕಳಿಸಿದೆ. ನನಗೂ ನಾಚಿಕೆಯಾಗುತ್ತದೆ. ಇದನ್ನು ರೋಸ್ ಸಿಸ್ಟರಿಗೂ ಬರೆದಿದ್ದೇನೆ.

ಒಂದು ಮಾತು ಕೇಳುತ್ತೇನೆ. ನಾವಿಬ್ಬರೂ ಇಷ್ಟು ಕಾಗದ ಖರ್ಚು ಮಾಡಿ ನಿನ್ನ ತಪ್ಪು, ನನ್ನ ತಪ್ಪು ಎಂದು ಹಂಚಿಕೊಂಡೆವು. ಕಾಲು ಹೋದದ್ದು ಯಾರದ್ದು? ನೀನು ಬೀಫಾತುಮ್ಮನಿಗೆ ಹೇಳಿದ್ದೀಯಾ?

ಗ್ರೆಟ್ಟಾ


ಮಸ್ಕತ್
6 ಅಕ್ಟೋಬರ್ 2006, ಶುಕ್ರವಾರ

ಪ್ರೀತಿಯ ಗ್ರೆಟ್ಟಾ,

ಇವತ್ತು ಮಧ್ಯಾಹ್ನ ಮತ್ರಾಕ್ಕೆ ಹೋಗಿ ಬಂದೆ. ರಮದಾನ್ ಆದ್ದರಿಂದ ಸೂಕಿನ ಅಂಗಡಿಗಳು ಅರ್ಧ ಮುಚ್ಚಿದ್ದವು. ಬಾಗಿಲು ತೆಗೆದವಳು ಶಹನಾಝ್. ಬೀಫಾತುಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಜಪಮಣಿ ಎಣಿಸುತ್ತಿದ್ದರು. ಈಗ ನೆಲಕ್ಕೆ ಬಾಗಲು ಆಗದು, ನಮಾಝನ್ನೂ ಕುರ್ಚಿಯಲ್ಲೇ ಮಾಡುತ್ತಾರೆ. ನನ್ನನ್ನು ನೋಡಿದ್ದೇ "ಬಾ ಮೋಳೇ, ಉಪವಾಸದ ಮನೆ, ನೀರು ಕೂಡ ಕೊಡ್ಲಿಕ್ಕಿಲ್ಲ ನಿನಿಗೆ" ಎಂದು ನಕ್ಕರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕೈಯ ಬಿರುಕು, ಬಚ್ಚಿಟ್ಟದ್ದು, ಮುಲಾಮು, ರಿಪೋರ್ಟ್. ಮಧ್ಯೆ ಶಹನಾಝ್ "ವಾಟ್?" ಎಂದಳು. ಅಜ್ಜಿ ಕೈಯೆತ್ತಿ ಸುಮ್ಮನಿರಿಸಿದರು. ನನ್ನ ಮಾತು ಮುಗಿದ ಮೇಲೆ ಕಾಲಿನ ವಿಷಯ ಕೇಳಲೇ ಇಲ್ಲ.

"ಹಾಗಾದ್ರೆ ಆ ಕೊಂಕಣಿ ಸಿಸ್ಟರ್ ಅಲ್ವಾ?" ಎಂದರು.

ಇದನ್ನು ನಿನಗೆ ಯಾವ ಪತ್ರದಲ್ಲೂ ಬರೆದಿರಲಿಲ್ಲ. ಮಾರ್ಚಿನಲ್ಲಿ ನಾನು ತಲೆ ಬಾಚುತ್ತಿದ್ದಾಗ ಅವರು, "ಆ ಗ್ರೆಟ್ಟಾನಿಂದ ಬಂದದ್ದಂತೆ, ಹೌದಾ?" ಎಂದು ಕೇಳಿದ್ದರು. ಆಯಾ ಯಾರೋ ಹೇಳಿದ್ದಂತೆ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಬಾಚುತ್ತಾ ಇದ್ದೆ. ನಾನು ಮಾಡಿದ್ದರಲ್ಲಿ ಇದಕ್ಕಿಂತ ಕೆಟ್ಟದ್ದು ನನಗೆ ನೆನಪಿಲ್ಲ.

"ಅಲ್ಲ ಉಮ್ಮ, ಅವಳಲ್ಲ" ಎಂದೆ.

ಅವರು ತುಂಬ ಹೊತ್ತು ತಸ್ಬಿಯ ಒಂದೇ ಮಣಿಯನ್ನು ಹಿಡಿದುಕೊಂಡಿದ್ದರು. ಆಮೇಲೆ ಹೇಳಿದರು: "ಏಳು ತಿಂಗಳಿಂದ ಆ ಹೆಣ್ಣಿಗೆ ನಾನು ಶಾಪ ಹಾಕ್ತಾ ಇದ್ದೇನೆ. ಒಂದು ನಮಾಝ್ ತಪ್ಪಿಸ್ಲಿಲ್ಲ. ಅವಳ ಕೈಕಾಲು ಬಿದ್ದು ಹೋಗ್ಲಿ ಅಂತ. ಈ ರಮದಾನಿನಲ್ಲೂ ಹಾಕಿದ್ದೇನೆ. ಅದೇ ಬಾಯಲ್ಲಿ ನಿನಿಗೆ ಒಳ್ಳೇದಾಗ್ಲಿ ಅಂತ ದುಆ ಮಾಡಿದ್ದೇನೆ. ರತ್ನಾ ಅಂತ ಹೆಸರು ಹಿಡಿದು." ಹೇಳುತ್ತಲೇ ಅತ್ತುಬಿಟ್ಟರು. "ಇನ್ನು ನಾನು ಎಂತ ಮಾಡುದು? ನೀನೇ ಹೇಳು."

ಅವರು ಅಳುವುದನ್ನು ನೋಡುತ್ತಾ ನಿಂತೆ. ಹತ್ತಿರ ಹೋಗಿ ಕೈ ಹಿಡಿಯೋಣ ಎನ್ನಿಸಿತು. ಹಿಡಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಶಹನಾಝಳಿಗೆ ಕಾಗದ, ಪೆನ್ನು ತರಲು ಹೇಳಿದರು. ನನ್ನ ಕಡೆ ತಿರುಗಿ, "ಅವಳ ಪೂರ್ತಿ ಹೆಸರು ಹೇಳು. ತಾಯಿಯ ಹೆಸರೂ ಹೇಳು. ದುಆ ಮಾಡುವಾಗ ಈ ಸಲ ತಪ್ಪಬಾರದು" ಎಂದರು. ಸೆವ್ರಿನಾ ಬಾಯಿಯ ಮಗಳು ಗ್ರೆಟ್ಟಾ ಮೊಂತೇರೊ ಎಂದೆ. ಶಹನಾಝ್ ಇಂಗ್ಲಿಷಿನಲ್ಲಿ ಬರೆದುಕೊಂಡು ಎರಡು ಸಲ ಓದಿ ಹೇಳಿದಳು. ಬೀಫಾತುಮ್ಮ ಮೂರು ಸಲ ತಾವೇ ಅಂದುಕೊಂಡು ಬಾಯಿಪಾಠ ಮಾಡಿದರು.

ನನ್ನ ಹೆಸರನ್ನು ಅವರು ಕೇಳಲಿಲ್ಲ. ಅದು ಅವರಿಗೆ ಗೊತ್ತಿದೆ.

ರತ್ನಪ್ರಭಾ